ನಾಲ್ಕನೇ ಎದುರುದಾರರು

ಬೆಂದ ಗೂಡಿಗೆ ಒಂದು ತುದಿ ಇರುತ್ತದೆ.
ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುತ್ತದೆ.
ಹದಿಮೂರನೇ ವಯಸ್ಸಿಗೆ ಅಮ್ಮೀ ನನ್ನ ತೋರುಬೆರಳನ್ನು
ಬಿಸಿನೀರಿನ ಬೇಸಿನ್ನಿಗೆ ಅದ್ದಿ ಹೇಳಿದ್ದಳು:
ಹುಡುಕಬೇಡ ಮುಬೀನಾ, ಅದೇ ಬರುತ್ತೆ.
ಇಪ್ಪತ್ತೊಂಬತ್ತು ವರ್ಷ ಅದೇ ಬಂತು.

ದಿಬ್ಬೂರಹಳ್ಳಿ ರಸ್ತೆ, ಬೆಳಿಗ್ಗೆ ಹತ್ತೂಕಾಲು.
ಶಿಡ್ಲಘಟ್ಟದ ಮಾರ್ಕೆಟ್ಟಿನಿಂದ ಹನ್ನೆರಡು ಕೇಜಿ ಗೂಡು,
ಟೀವಿಎಸ್ಸಿನ ಮುಂದೆ ಕಾಲಿಗೊತ್ತುವ ಮೂಟೆ.
ಎದುರಿಗೆ ವ್ಯಾನು, ಅದರ ಮೈಮೇಲೆ ನೆಗೆಯುವ ಮೊಲದ ಚಿತ್ರ.
ಆಮೇಲೆ ನೆನಪಿರುವುದು ಇಷ್ಟೇ:
ಡಾಂಬರಿನ ತುಂಬ ಬಿಳಿ ಗೂಡು, ಕಂದು ಪೊಟ್ಟಣ.
ಒಂದೊಂದು ಪೊಟ್ಟಣದ ಮೇಲೂ ಯಾರದೋ ಹೆಸರು, ಯಾವುದೋ ನಂಬರು.

ಮಣಿಕಟ್ಟಿಗೆ ಪ್ಲೇಟು, ಆರು ಸ್ಕ್ರೂ.
ಡಾಕ್ಟರು ಬರೆದುಕೊಟ್ಟರು:
ಬಲಗೈಗೆ ಶೇಕಡಾ ಮೂವತ್ತೊಂಬತ್ತು, ಇಡೀ ದೇಹಕ್ಕೆ ಹದಿಮೂರು.
ಮಿಕ್ಕ ಎಂಬತ್ತೇಳು ಸರಿಯಿದೆಯಂತೆ.
ಆ ಎಂಬತ್ತೇಳು ಒಲೆ ಹಚ್ಚುತ್ತದೆ, ಮಕ್ಕಳನ್ನು ಬೈಯುತ್ತದೆ,
ಶನಿವಾರ ಸಂತೆಗೆ ಹೋಗಿ ಚೌಕಾಸಿ ಮಾಡುತ್ತದೆ.
ಬೇಸಿನ್ನಿನ ಮುಂದೆ ಕೂತರೆ ಮಾತ್ರ
ಆ ಹದಿಮೂರೇ ಪೂರಾ ನಾನು.

ಒಂದನೇ ಎದುರುದಾರ ಆಂಜಿನೇಯುಲು, ಬಾಗೇಪಲ್ಲಿ ಕಡೆಯ ಹುಡುಗ.
ಎರಡನೆಯವರು ವ್ಯಾನಿನ ಓನರು,
ಗಾಡಿ ಯಾವತ್ತೋ ಮಾರಿಬಿಟ್ಟೆ ಸ್ವಾಮಿ, ಎನ್ನುತ್ತಾರೆ.
ಮೂರನೆಯದು ಇನ್ಶೂರೆನ್ಸು,
ಕಂತು ಒಂಬತ್ತು ದಿನ ತಪ್ಪಿತ್ತು, ಎನ್ನುತ್ತದೆ.
ನಾಲ್ಕನೆಯವರು ಮೊಲ.
ಮೊಲ ಕೋರ್ಟಿಗೆ ಬರುವುದಿಲ್ಲ,
ಇಸ್ತ್ರಿ ಕೋಟಿನ ಒಬ್ಬ ತೆಳ್ಳನೆ ವಕೀಲನನ್ನು ಕಳಿಸುತ್ತದೆ.
ಅವನ ಕಾಗದದಲ್ಲಿ ಆಂಜಿನೇಯುಲು ನೌಕರನಲ್ಲ, ಪಾಲುದಾರ.
ಆಗ ಪಾಲುದಾರ ಹೊರಗೆ ಹೊಂಗೆ ಮರದ ಕೆಳಗೆ
ಒಂದು ಬನ್ನನ್ನು ಎರಡು ಮಾಡಿ
ಅರ್ಧ ಜೇಬಿಗಿಟ್ಟುಕೊಳ್ಳುತ್ತಿದ್ದ.

ಸಂಪಾದನೆಗೆ ದಾಖಲೆ ಕೊಡಿ ಅಂದರು.
ಬಿಚ್ಚಾಣಿಕೆಯವಳಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ?
ನೀರಲ್ಲಿ ನೆನೆದು ಬಿಳಿಚಿದ ಬೆರಳು ತೋರಿಸಿದೆ.
ಅದನ್ನು ನಿಶಾನೆ ಮಾಡಲು ಬರುವುದಿಲ್ಲವಂತೆ.

ಏಳನೇ ವಾಯಿದೆ. ಆಂಜಿನೇಯುಲು ಕಟಕಟೆಯಲ್ಲಿ.
ಮೊಲದ ವಕೀಲ ಕೇಳಿದ: ಕಂಪನಿ ನಿನಗೆ ಸಮವಸ್ತ್ರ ಕೊಟ್ಟಿತ್ತೇ?
ಕೊಡಲಿಲ್ಲ ಸಾರ್, ಮಾರಿದರು. ಮುನ್ನೂರ ಎಂಬತ್ತು.
ಹಿಂದಿನ ಬೆಂಚಲ್ಲಿ ಯಾರೋ ನಕ್ಕರು.
ಅಪಘಾತವಾದ ಮೇಲೆ ಏನು ಮಾಡಿದೆ?
ಅಕ್ಕನ್ನ ಎತ್ತಿ ಆಟೋಗೆ ಹಾಕಿದೆ, ಜೊತೇಲೇ ಹೋದೆ.
ಪಾರ್ಸಲ್ಲು ಅಲ್ಲೇ ಬಿದ್ದಿದ್ದವು.
ಹನ್ನೊಂದು ಹೋದವು. ನನ್ನ ದುಡ್ಡಲ್ಲಿ ಹಿಡಿದರು.

ಅಲ್ಲಿವರೆಗೆ ತೂಕಡಿಸುತ್ತಿದ್ದ ನಮ್ಮ ಮುನಿರಾಜು ಲಾಯರು
ಎದ್ದು ನಿಂತರು.
ಹಿಡಿದರು ಅಂದರೆ, ಯಾರು ಹಿಡಿದರು?

ಹುಡುಗ ಫೋನು ತೆಗೆದ. ಗಾಜು ಸೀಳಿತ್ತು.
ಹೆಬ್ಬೆರಳಲ್ಲಿ ತಳ್ಳಿದ, ತಳ್ಳಿದ,
ತಿಂಗಳು ತಿಂಗಳು ಹಿಂದಕ್ಕೆ ಹೋದ.
ನಾನು ಅವನ ಮುಖ ನೋಡಲಿಲ್ಲ, ಹೆಬ್ಬೆರಳನ್ನೇ ನೋಡುತ್ತಿದ್ದೆ.
ನಿಂತಿತು.
ಕಡಿತ: ನಾಲ್ಕು ಸಾವಿರದ ಇನ್ನೂರ ಹತ್ತು.
ಅದರ ಮೇಲೆ, ಬೇಳೆಕಾಳಿನಷ್ಟು ಚಿಕ್ಕದಾಗಿ,
ನೆಗೆಯುವ ಮೊಲ.

ಸಾಹೇಬರು ಕನ್ನಡಕ ಏರಿಸಿ ನೋಡಿದರು,
ಪ್ರಿಂಟು ಹಾಕಿಸಿ ತನ್ನಿ ಅಂದರು,
ಮುಂದಿನ ತಿಂಗಳು ಹತ್ತೊಂಬತ್ತು.

ಎದುರುದಾರನ ಜೊತೆ ಮಾತಾಡಬೇಡಿ ಅಂತ ಲಾಯರು ಹೇಳಿದ್ದರು.
ಗೇಟಿನ ಹತ್ತಿರ ಅವನೇ ಕೇಳಿದ: ಚೆಯ್ಯಿ ಎಲಾ ಉಂದಿ ಅಕ್ಕಾ?
ಹಂಗೇ ಐತೆ ಅಂದೆ.
ಕ್ಷಮಿಸಿದ್ದೀನಾ? ಗೊತ್ತಿಲ್ಲ.
ಆ ದಿನ ಅವನು ಫೋನು ನೋಡುತ್ತ ಓಡಿಸುತ್ತಿದ್ದ,
ಅದನ್ನೂ ನಾನು ಕಟಕಟೆಯಲ್ಲಿ ಹೇಳಿದ್ದೇನೆ.
ಅವನು ಅಲ್ಲಗಳೆಯಲಿಲ್ಲ.
ಆ ಫೋನೇ ಇದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಹಿಡಿ ಗೂಡು ಬೇಯಿಸಿದೆ.
ಎಡಗೈ ಅದ್ದಿದೆ.
ಎಡಗೈ ತೋರುಬೆರಳು ದಡ್ಡ,
ಇನ್ನೂ ಹುಡುಕುತ್ತದೆ.